ಸಣ್ಣ ಅಂಗಡಿ, ಸಣ್ಣ ಉದ್ಯಮಗಳಿಗೆ ಲೋಗೋ ಮಾಡುವ ಸ್ವತಂತ್ರ ಡಿಸೈನರ್‌ಗಳಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಊರುಗಳಲ್ಲಿ ಬೇಕರಿ, ಬಟ್ಟೆ ಅಂಗಡಿ, ಮಸಾಲೆ ಪುಡಿ, ಗಾಣದ ಎಣ್ಣೆ, ಕ್ಲಿನಿಕ್, ಟ್ಯೂಷನ್ ಕ್ಲಾಸ್‌ಗಳಂಥ ಸಣ್ಣ ಉದ್ಯಮಗಳಿಗೆ ಲೋಗೋ ಮಾಡಿಕೊಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಉತ್ತರಗಳಿವು. ಇಂಥ ಲೋಗೋ ಬದುಕುವುದು ಬಿಲ್ ಬುಕ್ಕು, ಕವರ್, ಬೋರ್ಡು, ವಾಟ್ಸಾಪ್ ಡಿಪಿಗಳಲ್ಲಿ. ಹೆಚ್ಚಿನ ಕಡೆ ಅದನ್ನು ಓದುವುದು ಕನ್ನಡದಲ್ಲೇ. ಕೆಳಗಿನ ಸಲಹೆಗಳೆಲ್ಲ ಈ ಎರಡು ಸಂಗತಿಗಳ ಮೇಲೆ ನಿಂತಿವೆ.

ಮಾಲೀಕರು "ಒಂದು ಲೋಗೋ ಮಾಡಿಕೊಡಿ" ಎಂದಾಗ ಮೊದಲು ಏನು ಕೇಳಬೇಕು?

"ನಿಮಗೆ ಯಾವ ಬಣ್ಣ ಇಷ್ಟ?" ಎಂದು ಶುರು ಮಾಡಬೇಡಿ. ಆ ಪ್ರಶ್ನೆ ಕೇಳಿದಿರೆಂದರೆ ಮುಂದಿನ ಮಾತೆಲ್ಲ ಇಷ್ಟಾನಿಷ್ಟದ ಸುತ್ತಲೇ ಸುತ್ತುತ್ತದೆ. ಲೋಗೋ ಎಲ್ಲೆಲ್ಲಿ ಅಚ್ಚಾಗುತ್ತದೆ ಎಂಬ ಪಟ್ಟಿಯನ್ನು ಮೊದಲು ಬರೆದುಕೊಳ್ಳಿ: ಬೋರ್ಡಿನ ಅಳತೆ ಎಷ್ಟು ಅಡಿ, ಬಿಲ್ ಕೈಯಲ್ಲಿ ಬರೆಯುತ್ತಾರೋ ಥರ್ಮಲ್ ಪ್ರಿಂಟರ್ (ಶಾಖದಿಂದ ಬಿಲ್ ಅಚ್ಚು ಹಾಕುವ ಯಂತ್ರ) ಇದೆಯೋ, ಕವರ್‌ಗೆ ಎಷ್ಟು ಬಣ್ಣ, ಕೆಲಸಗಾರರ ಟೀ ಶರ್ಟ್ ಮೇಲೆ ಕಸೂತಿ ಬೇಕೋ. ಆಮೇಲೆ ಅಂಗಡಿಗೆ ಬರುವವರು ಯಾರು, ಅದೇ ರಸ್ತೆಯಲ್ಲಿ ಅದೇ ವ್ಯಾಪಾರದ ಬೇರೆ ಬೋರ್ಡುಗಳು ಹೇಗಿವೆ ಎಂದು ವಿಚಾರಿಸಿ. ಸಾಧ್ಯವಾದರೆ ಹೋಗಿ ಆ ಬೋರ್ಡುಗಳ ಫೋಟೋ ತೆಗೆದುಕೊಳ್ಳಿ. ಎಲ್ಲವೂ ಕೆಂಪು ಹಳದಿಯಾಗಿದ್ದರೆ ನಿಮ್ಮದೂ ಹಾಗೇ ಇರಬಾರದು ಎನ್ನುವುದಕ್ಕೆ ಆ ಫೋಟೋಗಿಂತ ಬಲವಾದ ವಾದವಿಲ್ಲ.

ಅಂಗಡಿಯ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅವರ ಕೈಯಲ್ಲೇ ಬರೆಸಿಕೊಳ್ಳುವುದನ್ನು ಮರೆಯಬೇಡಿ. "ಲಕ್ಷ್ಮಿ"ಯೋ "ಲಕ್ಷ್ಮೀ"ಯೋ ಎಂಬುದು ಬೋರ್ಡು ಮೇಲೇರಿದ ಮೇಲೆ ತಿಳಿದರೆ ಖರ್ಚು ಯಾರದು ಎಂಬ ಜಗಳ ಹುಟ್ಟುತ್ತದೆ. ಸಂಖ್ಯಾಶಾಸ್ತ್ರ ನೋಡಿಸಿ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಅಕ್ಷರ ಹೆಚ್ಚು ಸೇರಿಸುವವರೂ ಇದ್ದಾರೆ. ಅದೂ ಶುರುವಿನಲ್ಲೇ ಗೊತ್ತಾಗಲಿ.

ಎಷ್ಟು ಹಣ ಕೇಳಬೇಕು?

ಪಕ್ಕದವರು ಎಷ್ಟು ತೆಗೆದುಕೊಳ್ಳುತ್ತಾರೆ ಎಂಬುದರಿಂದಲ್ಲ, ನಿಮ್ಮ ಗಂಟೆಯ ಲೆಕ್ಕದಿಂದ ಶುರು ಮಾಡಿ. ಉದಾಹರಣೆಗೆ, ಮನೆಖರ್ಚು ತಿಂಗಳಿಗೆ 40,000 ರೂಪಾಯಿ. ಸಾಫ್ಟ್‌ವೇರ್, ಇಂಟರ್‌ನೆಟ್, ಕಂಪ್ಯೂಟರ್ ಸವಕಳಿ 8,000. ಉಳಿತಾಯ, ವಿಮೆ, ತೆರಿಗೆ 12,000. ಒಟ್ಟು 60,000. ತಿಂಗಳಿಗೆ 160 ಗಂಟೆ ಕೂತರೂ ಸುಮಾರು ಅರ್ಧದಷ್ಟು ಫೋನು, ಓಡಾಟ, ಕೊಟೇಶನ್, ಬಾಕಿ ವಸೂಲಿಗೆ ಹೋಗುತ್ತದೆ. ಹಣ ಹುಟ್ಟುವ ಗಂಟೆಗಳು 80 ಎಂದಿಟ್ಟುಕೊಂಡರೆ ಗಂಟೆಗೆ 750 ಬೀಳುತ್ತದೆ. ಮಾತುಕತೆಗೆ 3 ಗಂಟೆ, ಹುಡುಕಾಟಕ್ಕೆ 3, ಪೆನ್ಸಿಲ್ ಕೆಲಸಕ್ಕೆ 5, ಕಂಪ್ಯೂಟರಿನಲ್ಲಿ 8, ತಿದ್ದುಪಡಿಗೆ 3, ಫೈಲ್ ತಯಾರಿಗೆ 2 ಎಂದರೆ 24 ಗಂಟೆ, 18,000 ರೂಪಾಯಿ.

ಎದುರಿನವರ ಬಳಿ ಇರುವುದು 6,000 ಮಾತ್ರ ಎಂದಾದರೆ ದರ ಇಳಿಸಬೇಡಿ, ಕೆಲಸ ಇಳಿಸಿ. ಚಿತ್ರವಿಲ್ಲದೆ ಹೆಸರಿನ ಅಕ್ಷರ ಮಾತ್ರ, ಒಂದೇ ಕಲ್ಪನೆ, ಒಂದೇ ಸುತ್ತಿನ ತಿದ್ದುಪಡಿ, 8 ಗಂಟೆ. ಹೀಗೆ ಮಾಡಿದ ಸರಳ ಅಕ್ಷರ ಲೋಗೋ ಸಣ್ಣ ಅಂಗಡಿಗೆ ಎಷ್ಟೋ ಸಲ ಚಿತ್ರವಿರುವ ಲೋಗೋಗಿಂತ ಚೆನ್ನಾಗಿ ಒದಗುತ್ತದೆ.

ಮುಂಗಡ ಎಷ್ಟು? ತಿದ್ದುಪಡಿಗೆ ಮಿತಿ ಹೇಗೆ ಹಾಕುವುದು?

ಅರ್ಧ ಮುಂಗಡ, ಉಳಿದರ್ಧ ಕೊನೆಯ ಫೈಲ್ ಕೊಡುವ ಮುಂಚೆ. ಅಲ್ಲಿಯವರೆಗೆ ತೋರಿಸುವುದೆಲ್ಲ ಸಣ್ಣ ಅಳತೆಯ ಜೆಪೆಗ್ ಆಗಿರಲಿ. ತಿದ್ದುಪಡಿ ಎರಡು ಸುತ್ತು, ಮೂರನೆಯದಕ್ಕೆ ಗಂಟೆ ಲೆಕ್ಕ. "ಸುತ್ತು" ಎಂದರೆ ಏನೆಂದೂ ಬರೆದಿಡಿ: ಮನೆಯವರು, ಪಾಲುದಾರರು, ಅಳಿಯ ಎಲ್ಲರ ಅಭಿಪ್ರಾಯ ಒಟ್ಟಾಗಿ ಒಂದೇ ಸಂದೇಶದಲ್ಲಿ ಬಂದರೆ ಅದು ಒಂದು ಸುತ್ತು. ಇದನ್ನು ಬರೆಯದೆ ಬಿಟ್ಟರೆ ದಿನಕ್ಕೊಂದು ವಾಯ್ಸ್ ಮೆಸೇಜ್ ಬರುತ್ತಲೇ ಇರುತ್ತದೆ.

ಎಷ್ಟು ಮಾದರಿ ತೋರಿಸಬೇಕು?

ಎರಡು, ಹೆಚ್ಚೆಂದರೆ ಮೂರು. ಹತ್ತು ತೋರಿಸಿದರೆ "ಇದರ ಅಕ್ಷರ, ಅದರ ಚಿತ್ರ" ಎಂದು ಬೆರೆಸಲು ಹೇಳುತ್ತಾರೆ. ಮೊದಲ ಸಲ ಕಪ್ಪು ಬಿಳುಪಿನಲ್ಲೇ ತೋರಿಸಿ. ಬಣ್ಣ ಇದ್ದರೆ ಆಕಾರದ ದೋಷ ಕಾಣುವುದಿಲ್ಲ. ಬರಿಯ ಬಿಳಿ ಹಾಳೆಯ ಮೇಲೆ ತೋರಿಸುವ ಬದಲು ಅವರದೇ ಅಂಗಡಿಯ ಫೋಟೋದ ಮೇಲೆ, ಅವರದೇ ಬಿಲ್ ಅಳತೆಯಲ್ಲಿ ಕೂರಿಸಿ ತೋರಿಸಿ.

ಕನ್ನಡ ಮೊದಲೋ ಇಂಗ್ಲಿಷ್ ಮೊದಲೋ?

ಕನ್ನಡ ಮೊದಲು. ಕಾನೂನಿನ ಕಾರಣ ಬೇರೆ ಇದೆ, ಅದನ್ನು ಮುಂದೆ ಹೇಳುತ್ತೇವೆ. ವಿನ್ಯಾಸದ ಕಾರಣವೇ ಸಾಕಷ್ಟು ದೊಡ್ಡದು. ಇಂಗ್ಲಿಷ್ ದೊಡ್ಡಕ್ಷರಗಳು ಎರಡು ಗೆರೆಗಳ ನಡುವೆ ನಿಲ್ಲುತ್ತವೆ. ಕನ್ನಡದ ಹೆಸರಿಗೆ ಮೇಲೆ ಗುಡಿಸು, ಕೆಳಗೆ ಒತ್ತು, ಬಲಕ್ಕೆ ದೀರ್ಘ, ಅರ್ಕಾವತ್ತು ಇವೆಲ್ಲ ಸೇರಿ ಬೇರೆಯೇ ಜಾಗ ಬೇಕು. ಇಂಗ್ಲಿಷ್ ಲೋಗೋ ಮುಗಿಸಿ ಅದೇ ಚೌಕಟ್ಟಿಗೆ ಕನ್ನಡ ತುಂಬಿಸಲು ಹೋದರೆ ಒತ್ತಕ್ಷರಗಳಿಗೆ ಜಾಗ ಸಾಲದೆ ಇಡೀ ಹೆಸರು ಕುಗ್ಗುತ್ತದೆ. "ಲಕ್ಷ್ಮೀ" ಬರೆದು ನೋಡಿ: ಕಕಾರದ ಕೆಳಗೆ ಎರಡು ಒತ್ತು, ಮೇಲೆ ಗುಡಿಸು, ಬದಿಗೆ ದೀರ್ಘ. ಈ ಒಂದು ಅಕ್ಷರವೇ ಇಡೀ ಲೋಗೋದ ಎತ್ತರವನ್ನು ತೀರ್ಮಾನಿಸುತ್ತದೆ. ಆದ್ದರಿಂದ ಹೆಸರಿನಲ್ಲಿ ಅತಿ ಕಷ್ಟದ ಅಕ್ಷರ ಯಾವುದೋ ಅದನ್ನೇ ಮೊದಲು ಬಿಡಿಸಿ, ಉಳಿದವು ಅದನ್ನು ಅನುಸರಿಸಲಿ.

ಸಾಮಾನ್ಯವಾಗಿ ಕೆಡುವ ಕಡೆಗಳು ಇವು. ಧ, ಭ, ಫ, ಢಗಳ ಹೊಟ್ಟೆ ಸೀಳು ದಪ್ಪ ಅಕ್ಷರದಲ್ಲಿ ಮುಚ್ಚಿಹೋಗಿ ಧನಲಕ್ಷ್ಮಿ "ದನಲಕ್ಷ್ಮಿ"ಯಾಗುತ್ತದೆ. ಇಲ್ಲಿ ಸೀಳನ್ನು ಫಾಂಟಿನಲ್ಲಿರುವುದಕ್ಕಿಂತ ಅಗಲ ಮಾಡಲೇಬೇಕು. ಅಕ್ಷರಗಳ ನಡುವಿನ ಅಂತರವನ್ನು ಇಂಗ್ಲಿಷಿನಂತೆ ಹಿಗ್ಗಿಸಿದರೆ ದೀರ್ಘವೂ ಅರ್ಕಾವತ್ತೂ ತಮ್ಮ ಅಕ್ಷರದಿಂದ ಕಳಚಿಕೊಂಡು ಒಂಟಿಯಾಗಿ ನಿಲ್ಲುತ್ತವೆ. ಜಾಗ ತುಂಬಲೆಂದು ಹೆಸರನ್ನು ಅಡ್ಡಕ್ಕೆ ಎಳೆದರೆ ನಿಂತ ಗೆರೆಗಳು ಮಾತ್ರ ದಪ್ಪವಾಗಿ ಅಕ್ಷರ ಊದಿಕೊಂಡಂತೆ ಕಾಣುತ್ತದೆ. ಸುತ್ತ ದಪ್ಪ ಔಟ್‌ಲೈನ್ ಕೊಟ್ಟರೆ ಒತ್ತುಗಳ ಸಣ್ಣ ಸುರುಳಿ ತುಂಬಿಹೋಗುತ್ತದೆ.

ಇಂಗ್ಲಿಷ್ ಜೊತೆಗಿಡುವಾಗ ಎರಡೂ ಲಿಪಿಯ ಪಾಯಿಂಟ್ ಅಳತೆ ಒಂದೇ ಇರಬೇಕೆಂದಿಲ್ಲ. ಕನ್ನಡ ಅಕ್ಷರದ ಮೈ ಇಂಗ್ಲಿಷ್ ಸಣ್ಣಕ್ಷರಕ್ಕಿಂತ ಎತ್ತರ, ದೊಡ್ಡಕ್ಷರಕ್ಕಿಂತ ಸ್ವಲ್ಪ ಗಿಡ್ಡ ಇದ್ದರೆ ಎರಡೂ ಸಮನಾಗಿ ಕಾಣುತ್ತವೆ. ಗೆರೆಯ ದಪ್ಪವನ್ನು ಅಂಕಿಯಲ್ಲಲ್ಲ, ಕಣ್ಣು ಅರೆಮುಚ್ಚಿ ನೋಡಿ ಹೊಂದಿಸಿ.

ಯಾವ ಫಾಂಟ್ ಬಳಸಬಹುದು? ನುಡಿ ಸಾಕೇ?

ಬಲೂ ತಮ್ಮ 2, ಅನೇಕ್ ಕನ್ನಡ, ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ, ಅಕಾಯ ಕನಡಕ ಇವೆಲ್ಲ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿ ಸಿಗುತ್ತವೆ. ಲೋಗೋಗೂ ವ್ಯಾಪಾರದ ಕೆಲಸಕ್ಕೂ ಹಣ ಕೊಡದೆ ಬಳಸಬಹುದು. ಅನೇಕ್ ಕನ್ನಡದಲ್ಲಿ ಅಗಲ ಮತ್ತು ದಪ್ಪ ಎರಡನ್ನೂ ಬದಲಿಸಬಹುದಾದ್ದರಿಂದ ಉದ್ದ ಹೆಸರುಗಳಿಗೆ ಅದು ದೊಡ್ಡ ಅನುಕೂಲ. ಅಗಲ ಬೇಕಾದಾಗ ಎಳೆಯುವ ಬದಲು ಅದರ ಅಗಲದ ರೂಪವನ್ನೇ ಆರಿಸಿ. ಹಣ ಕೊಟ್ಟು ಕೊಳ್ಳಬೇಕಾದ ಫಾಂಟ್‌ಗಳ ಕದ್ದ ಪ್ರತಿಯಿಂದ ಲೋಗೋ ಮಾಡಬೇಡಿ. ನಾಳೆ ನೋಟಿಸ್ ಹೋಗುವುದು ಅಂಗಡಿಯವರ ಹೆಸರಿಗೆ.

ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ, ಯೂನಿಕೋಡ್‌ಗಿಂತ ಮುಂಚಿನ ಆಸ್ಕಿ ಫಾಂಟ್‌ಗಳು ಪ್ರೆಸ್‌ಗಳಲ್ಲಿ ಇನ್ನೂ ಓಡಾಡುತ್ತಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರವೆಲ್ಲ ಇಂಗ್ಲಿಷ್ ಚಿಹ್ನೆಗಳ ರಾಶಿಯಾಗುತ್ತದೆ. ಎಲ್ಲ ಕಂಪ್ಯೂಟರಿಗೂ ತಿಳಿಯುವ ಯೂನಿಕೋಡ್‌ನಲ್ಲೇ ಕೆಲಸ ಮಾಡಿ, ಪ್ರೆಸ್‌ಗೆ ಕಳಿಸುವಾಗ ಕರ್ವ್ಸ್‌ಗೆ, ಅಂದರೆ ಫಾಂಟ್ ಬೇಡದ ಗೆರೆಯ ಆಕಾರಗಳಿಗೆ, ಬದಲಿಸಿ. ಯಾವ ಫಾಂಟನ್ನೂ ಇದ್ದಂತೆಯೇ ಇಟ್ಟು ಲೋಗೋ ಎನ್ನಬೇಡಿ. ಒಂದೆರಡು ಅಕ್ಷರದ ತಲೆಕಟ್ಟನ್ನಾದರೂ ಆ ಹೆಸರಿಗೆಂದೇ ತಿದ್ದಿ ಬರೆದಾಗಲೇ ಅದು ಆ ಅಂಗಡಿಯದಾಗುತ್ತದೆ.

ಇಲ್ಲಸ್ಟ್ರೇಟರ್‌ನಲ್ಲಿ ಒತ್ತಕ್ಷರ ಒಡೆದು ಬರುತ್ತಿದೆ. ಏನು ಮಾಡಲಿ?

ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಇಂಡಿಕ್ ಆಯ್ಕೆಗಳನ್ನು ಆನ್ ಮಾಡಿ. ಆಮೇಲೆ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ದಕ್ಷಿಣ ಏಷ್ಯಾ ಹೆಸರಿರುವ ಕಂಪೋಸರ್ ಆರಿಸಿ. ಇನ್‌ಡಿಸೈನ್‌ನಲ್ಲಾದರೆ ವರ್ಲ್ಡ್ ರೆಡಿ ಕಂಪೋಸರ್. ಇಂಕ್‌ಸ್ಕೇಪ್ ಉಚಿತ, ಅದರಲ್ಲಿ ಕನ್ನಡ ನೇರವಾಗಿ ಸರಿ ಬರುತ್ತದೆ.

ಕರ್ವ್ಸ್ ಮಾಡಿದ ಮೇಲೆ ಇನ್ನೊಂದು ಹೆಜ್ಜೆ ಬಾಕಿ ಇದೆ, ಇದನ್ನು ಬಿಡುವವರೇ ಹೆಚ್ಚು. ಅಕ್ಷರ, ಒತ್ತು, ಕೊಂಬು ಬೇರೆ ಬೇರೆ ತುಂಡುಗಳಾಗಿ ಒಂದರ ಮೇಲೊಂದು ಕೂತಿರುತ್ತವೆ. ಅವನ್ನು ಇಲ್ಲಸ್ಟ್ರೇಟರ್‌ನ ಯುನೈಟ್ ಅಥವಾ ಕೋರೆಲ್‌ನ ವೆಲ್ಡ್ ಬಳಸಿ ಒಂದಾಗಿಸಿ. ಇಲ್ಲವಾದರೆ ವಿನೈಲ್ ಕತ್ತರಿಸುವ ಯಂತ್ರ ಅಕ್ಷರದ ನಡುವೆಯೇ ಬ್ಲೇಡ್ ಓಡಿಸುತ್ತದೆ. ಕೆಲವು ಪ್ರಿಂಟ್‌ಗಳಲ್ಲಿ ತುಂಡುಗಳು ಸೇರುವ ಜಾಗ ಬಿಳಿ ತೂತಾಗಿ ಬರುತ್ತದೆ.

ಬೋರ್ಡಿಗೆ ಶೇ 60 ಕನ್ನಡ ಎಂಬ ನಿಯಮ ಲೋಗೋಗೆ ಹೇಗೆ ತಟ್ಟುತ್ತದೆ?

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕು, ಅದು ಮೇಲರ್ಧದಲ್ಲಿರಬೇಕು. ಇಂಗ್ಲಿಷ್ ಲೋಗೋವನ್ನು ನಡುವೆ ದೊಡ್ಡದಾಗಿ ಇಟ್ಟು ಕನ್ನಡವನ್ನು ಮೂಲೆಯಲ್ಲಿ ಸೇರಿಸುವ ಬೋರ್ಡು ಇದಕ್ಕೆ ಹೊಂದುವುದಿಲ್ಲ. ಹಾಗಾಗಿ ಲೋಗೋ ಕೊಡುವಾಗಲೇ ಮೂರು ಜೋಡಣೆ ಕೊಡಿ: ಕನ್ನಡ ಮೇಲೆ ಇಂಗ್ಲಿಷ್ ಕೆಳಗೆ, ಕನ್ನಡ ಮಾತ್ರ, ಮತ್ತು ಡಿಪಿಗೆ ಒಂದೇ ಅಕ್ಷರದ ಗುರುತು.

ಓದಲು ಪ್ರತಿ 10 ಅಡಿ ದೂರಕ್ಕೆ 1 ಇಂಚು ಅಕ್ಷರದ ಎತ್ತರ ಬೇಕು ಎಂಬುದು ಬೋರ್ಡಿನವರ ರೂಢಿಯ ಲೆಕ್ಕ. ರಸ್ತೆಯ ಆಚೆ ಬದಿ 60 ಅಡಿ ಇದ್ದರೆ ಅಕ್ಷರದ ಮೈ 6 ಇಂಚು, ಒತ್ತು ಗುಡಿಸಿನ ಎತ್ತರ ಅದರ ಮೇಲೆ ಹೆಚ್ಚುವರಿ. ಒಳಗೆ ದೀಪವಿರುವ ಅಕ್ರಿಲಿಕ್ ಅಕ್ಷರ ಮಾಡಿಸುವುದಾದರೆ ಒತ್ತುಗಳನ್ನು ಸಾಧ್ಯವಾದಷ್ಟು ಮೂಲ ಅಕ್ಷರಕ್ಕೆ ಅಂಟಿಸಿಯೇ ಬಿಡಿಸಿ. ತೀರ ಸಣ್ಣ ಬಿಡಿ ತುಂಡಿನೊಳಗೆ ಎಲ್‌ಇಡಿ ಕೂರುವುದಿಲ್ಲ. ರಾತ್ರಿ ಆ ಒತ್ತು ಮಾತ್ರ ಕತ್ತಲಲ್ಲಿ ಉಳಿದು ಹೆಸರೇ ಬದಲಾಗಿ ಓದಿಸಿಕೊಳ್ಳುತ್ತದೆ.

ಮೊಬೈಲಿನಲ್ಲಿ ಹೊಳೆಯುವ ಬಣ್ಣ ಪ್ರಿಂಟಿನಲ್ಲಿ ಮಂಕಾಗುವುದೇಕೆ?

ತೆರೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರೆಸ್ಸು ನಾಲ್ಕು ಶಾಯಿಯಿಂದ (ಸಯಾನ್, ಮಜೆಂಟಾ, ಯೆಲ್ಲೋ, ಕಪ್ಪು). ಹೊಳೆಯುವ ನೀಲಿ, ಗಿಳಿಹಸಿರು, ಕಡು ಗುಲಾಬಿ ನಾಲ್ಕು ಶಾಯಿಗೆ ಎಟುಕುವುದಿಲ್ಲ. ಕುಂಕುಮದ ಕೆಂಪು, ಅರಿಶಿನದ ಹಳದಿ, ಎಲೆಹಸಿರು ಚೆನ್ನಾಗಿ ಬರುತ್ತವೆ. ಹಳದಿಗೆ ಮಜೆಂಟಾ ಶೇ 25, ಯೆಲ್ಲೋ ಶೇ 100 ಎಂಬಂತೆ ಶಾಯಿಯ ಅಂಕಿಯಲ್ಲೇ ಬಣ್ಣ ನಿಗದಿ ಮಾಡಿ, ಅದನ್ನು ಬರೆದು ಕೊಡಿ. ಸಣ್ಣ ಅಕ್ಷರದ ಕಪ್ಪು ಬರಿಯ ಕಪ್ಪು ಶಾಯಿ 100 ಆಗಿರಲಿ. ನಾಲ್ಕೂ ಶಾಯಿ ಬೆರೆಸಿದ ಕಪ್ಪು ಕೂದಲೆಳೆ ಸರಿದರೂ ಅಕ್ಷರಕ್ಕೆ ಬಣ್ಣದ ನೆರಳು ಬರುತ್ತದೆ. ಕಂದು ಕಾಗದದ ಚೀಲದ ಮೇಲೆ ಎಲ್ಲ ಬಣ್ಣವೂ ಗಾಢವಾಗುತ್ತದೆ, ಹಳದಿ ಬಹುಪಾಲು ಕಾಣೆಯಾಗುತ್ತದೆ.

ಕೊನೆಗೆ ಯಾವ ಯಾವ ಫೈಲ್ ಕೊಡಬೇಕು?

ಮೂಲ ವೆಕ್ಟರ್ ಫೈಲ್ (ಎಷ್ಟು ಹಿಗ್ಗಿಸಿದರೂ ಒಡೆಯದ ಗೆರೆಯ ಚಿತ್ರ), ಕರ್ವ್ಸ್ ಮಾಡಿದ ಪಿಡಿಎಫ್, ಎಸ್‌ವಿಜಿ, ಹಿನ್ನೆಲೆಯಿಲ್ಲದ ಪಿಎನ್‌ಜಿ 2000 ಪಿಕ್ಸೆಲ್, ಬಿಳಿ ಹಿನ್ನೆಲೆಯ ಜೆಪೆಗ್. ಪ್ರತಿಯೊಂದರಲ್ಲೂ ಪೂರ್ಣ ಬಣ್ಣ, ಒಂದೇ ಬಣ್ಣ, ಕಪ್ಪು, ಗಾಢ ಹಿನ್ನೆಲೆಗೆ ಬಿಳಿ (ಇದು ಬಿಳಿ ಹಿನ್ನೆಲೆಯ ಜೆಪೆಗ್‌ನಲ್ಲಿ ಬೇಡ). ಊರಿನ ಪ್ರೆಸ್‌ಗಳು ಬಹಳಷ್ಟು ಕಡೆ ಕೋರೆಲ್‌ಡ್ರಾದಲ್ಲೇ ಕೆಲಸ ಮಾಡುವುದರಿಂದ ಅದರ ಸಿಡಿಆರ್ ಫೈಲನ್ನೂ ಹಳೆಯ ಆವೃತ್ತಿಗೆ ಉಳಿಸಿ ಕೊಡಿ. ಹೊಸ ಆವೃತ್ತಿಯ ಫೈಲ್ ಅವರಲ್ಲಿ ತೆರೆಯದಿದ್ದರೆ ಅವರು ವಾಟ್ಸಾಪ್ ಡಿಪಿಯನ್ನೇ ಟ್ರೇಸ್ ಮಾಡಿ ಅಚ್ಚು ಹಾಕುತ್ತಾರೆ, ನಿಮ್ಮ ಶ್ರಮವೆಲ್ಲ ಅಲ್ಲಿ ಮುಗಿಯಿತು.

ಮರೆಯುವಂಥದ್ದು ಥರ್ಮಲ್ ಬಿಲ್. 58 ಮಿಲಿಮೀಟರ್ ಕಾಗದದಲ್ಲಿ ಅಚ್ಚಾಗುವ ಅಗಲ ಸಾಮಾನ್ಯವಾಗಿ 384 ಚುಕ್ಕೆ, 80ರಲ್ಲಿ 576. ಬೂದು ಬಣ್ಣ ಇರುವುದಿಲ್ಲ, ಕಪ್ಪು ಅಥವಾ ಖಾಲಿ. ಆ ಅಳತೆಗೇ ಶುದ್ಧ ಕಪ್ಪು ಬಿಳುಪಿನ ಚಿತ್ರ ಮಾಡಿ ಕೊಡಿ. ವಿಸಿಟಿಂಗ್ ಕಾರ್ಡ್ 3.5 × 2 ಇಂಚು, ಸುತ್ತ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸಿ ತೆಗೆಯಲು ಬಿಡುವ ಹೆಚ್ಚುವರಿ ಅಂಚು). ವಾಟ್ಸಾಪ್‌ನಲ್ಲಿ ಫೈಲ್ ಕಳಿಸುವಾಗ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ.

ಕೊಡುವ ಮುಂಚೆ ಒಂದು ಪರೀಕ್ಷೆ: ಲೋಗೋವನ್ನು 15 ಮಿಲಿಮೀಟರ್ ಅಗಲಕ್ಕೆ ಇಳಿಸಿ, ಸಾಧಾರಣ ಪ್ರಿಂಟರಿನಲ್ಲಿ ಅಚ್ಚು ಹಾಕಿ, ಅದನ್ನು ನೋಡಿರದ ಒಬ್ಬರಿಗೆ ಓದಲು ಹೇಳಿ. ತಡವರಿಸಿದರೆ ಕೆಲಸ ಇನ್ನೂ ಮುಗಿದಿಲ್ಲ.

ದೇವರ ಚಿತ್ರ ಹಾಕಿ ಎನ್ನುತ್ತಾರೆ. ಗಂಡಭೇರುಂಡವನ್ನೂ ಕೇಳುತ್ತಾರೆ.

ಭಕ್ತಿಯಿಂದ ಕೇಳುವವರಿಗೆ ಗೌರವದಿಂದಲೇ ವಿವರಿಸಿ. ಪೊಟ್ಟಣ, ಕವರ್ ಕೊನೆಗೆ ಕಸದ ಬುಟ್ಟಿಗೆ ಹೋಗುತ್ತವೆ, ಕಾಲಡಿಗೆ ಬೀಳುತ್ತವೆ. ಹೀಗೆ ಹೇಳಿದರೆ ಎಷ್ಟೋ ಮಾಲೀಕರು ತಾವೇ ಬೇಡವೆನ್ನುತ್ತಾರೆ. ದೀಪ, ತಾವರೆ, ಶಂಖದ ಸರಳ ರೂಪ ಸೂಚಿಸಿ. ಧಾರ್ಮಿಕ ಭಾವನೆಗೆ ನೋವಾಗುವಂಥ ಗುರುತುಗಳಿಗೆ ಟ್ರೇಡ್‌ಮಾರ್ಕ್ ಸಿಗುವುದಿಲ್ಲ. ಪವಿತ್ರ ಗ್ರಂಥದ ಹೆಸರನ್ನು ಒಬ್ಬ ವ್ಯಾಪಾರಿಯ ಸ್ವತ್ತು ಮಾಡಲಾಗದು ಎಂದು ಅಗರಬತ್ತಿಗೆ ಸಂಬಂಧಿಸಿದ "ರಾಮಾಯಣ" ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ.

ಗಂಡಭೇರುಂಡ ರಾಜ್ಯದ ಲಾಂಛನದಲ್ಲಿದೆ. ಸರ್ಕಾರಿ ಲಾಂಛನಗಳನ್ನು ವ್ಯಾಪಾರಕ್ಕೆ ಬಳಸುವುದನ್ನು 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ತಡೆಯುತ್ತದೆ. ಅಶೋಕ ಸ್ತಂಭಕ್ಕೂ ಇದೇ ಮಾತು.

ಟ್ರೇಡ್‌ಮಾರ್ಕ್ ವಿಷಯದಲ್ಲಿ ಡಿಸೈನರ್ ಎಷ್ಟು ತಿಳಿದಿರಬೇಕು?

ಅರ್ಜಿ ಹಾಕುವುದು ವಕೀಲರ ಕೆಲಸವಾದರೂ ಹುಡುಕುವುದು ನಿಮ್ಮದೂ ಹೌದು. ಕೇಂದ್ರ ಸರ್ಕಾರದ ಐಪಿ ಇಂಡಿಯಾ ಜಾಲತಾಣದಲ್ಲಿ ಹೆಸರನ್ನೂ ಅದರ ಉಚ್ಚಾರಕ್ಕೆ ಹತ್ತಿರವಾದವನ್ನೂ ಉಚಿತವಾಗಿ ಹುಡುಕಬಹುದು. ವಸ್ತು ಸೇವೆಗಳನ್ನು 45 ವರ್ಗ ಮಾಡಿದ್ದಾರೆ: ಕಾಫಿ, ಮಸಾಲೆ, ಹಿಟ್ಟು 30ರಲ್ಲಿ, ಉಪ್ಪಿನಕಾಯಿ, ಅಡುಗೆ ಎಣ್ಣೆ 29ರಲ್ಲಿ, ಬಟ್ಟೆ 25ರಲ್ಲಿ, ಹೋಟೆಲ್ 43ರಲ್ಲಿ. ವ್ಯಕ್ತಿಗೂ ಸಣ್ಣ ಉದ್ಯಮಕ್ಕೂ ಆನ್‌ಲೈನ್ ಅರ್ಜಿಯ ಸರ್ಕಾರಿ ಶುಲ್ಕ ವರ್ಗವೊಂದಕ್ಕೆ 4,500 ರೂಪಾಯಿ, ನೋಂದಣಿ 10 ವರ್ಷಕ್ಕೆ, ಮತ್ತೆ ನವೀಕರಿಸಬಹುದು. ಕಪ್ಪು ಬಿಳುಪಿನಲ್ಲಿ, ಬಣ್ಣಕ್ಕೆ ಮಿತಿ ಹೇಳದೆ ನೋಂದಾಯಿಸಿದರೆ ರಕ್ಷಣೆ ಎಲ್ಲ ಬಣ್ಣಕ್ಕೂ ಸಿಗುತ್ತದೆ. ನಿಮ್ಮ ಕಪ್ಪು ಫೈಲಿಗೆ ಇಲ್ಲೊಂದು ಮುಖ್ಯ ಕೆಲಸವಿದೆ.

"ಉಡುಪಿ", "ಶುದ್ಧ", "ಮನೆ ರುಚಿ" ಮಾತ್ರವೇ ಹೆಸರಾದರೆ ನೋಂದಣಿ ಕಷ್ಟ. ಊರಿನ ಹೆಸರು, ಗುಣದ ಹೆಸರು ಎಲ್ಲರಿಗೂ ಸೇರಿದ್ದು. ಬ್ಯಾಡಗಿ ಮೆಣಸಿನಕಾಯಿ, ಧಾರವಾಡ ಪೇಡ, ಇಳಕಲ್ ಸೀರೆಗಳಿಗೆ ಭೌಗೋಳಿಕ ಸೂಚಕವಿದೆ, ಅಂದರೆ ಆ ಹೆಸರು ಆ ಪ್ರದೇಶದ ಉತ್ಪನ್ನಕ್ಕೆ ಮಾತ್ರ ಸಲ್ಲುತ್ತದೆ. ಅವನ್ನು ಒಂದು ಅಂಗಡಿಯ ಬ್ರ್ಯಾಂಡ್ ಹೆಸರಾಗಿ ಮಾಡಿಕೊಡಬೇಡಿ. ವೃತ್ತದೊಳಗಿನ ಆರ್ ಚಿಹ್ನೆಯನ್ನು ನೋಂದಣಿ ಆಗುವ ಮೊದಲೇ ಲೋಗೋ ಪಕ್ಕ ಹಾಕುವುದು ಅಪರಾಧ. ಅಲ್ಲಿಯವರೆಗೆ ಟಿಎಂ ಸಾಕು.

ಹಣ ಕೊಟ್ಟ ಮೇಲೆ ಲೋಗೋ ಯಾರದು?

ಎಲ್ಲರೂ ತಪ್ಪು ತಿಳಿಯುವುದು ಇಲ್ಲೇ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಮೊದಲ ಹಕ್ಕುದಾರ ಕೃತಿ ರಚಿಸಿದವರು. ಸ್ವತಂತ್ರ ಡಿಸೈನರ್ ಸಂಬಳದ ನೌಕರನಲ್ಲವಾದ್ದರಿಂದ ಹಣ ಕೈ ಬದಲಾದ ಮಾತ್ರಕ್ಕೆ ಹಕ್ಕು ಬದಲಾಗುವುದಿಲ್ಲ, ಸಹಿ ಹಾಕಿದ ಬರಹ ಬೇಕು. ಆ ಬರಹದಲ್ಲಿ ಅವಧಿ ಹೇಳದಿದ್ದರೆ 5 ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ ಎಂದು ಕಾಯ್ದೆ ತಿಳಿಯುತ್ತದೆ. ಕೊಂಡ ಹಕ್ಕನ್ನು ಒಂದು ವರ್ಷ ಬಳಸದಿದ್ದರೆ ಅದು ಬಿದ್ದುಹೋಗಬಹುದು. ಹಾಗಾಗಿ "ಪೂರ್ಣ ಹಣ ಸಂದಾಯವಾದ ದಿನದಿಂದ, ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಜಗತ್ತಿನಾದ್ಯಂತ, ಬಳಕೆಯಾಗದಿದ್ದರೂ ಹಕ್ಕು ಮುಂದುವರಿಯುತ್ತದೆ" ಎಂಬ ಅರ್ಥದ ಒಂದು ಪುಟ ಬರೆದು ಸಹಿ ಮಾಡಿ ಕೊಡಿ. ತಿರಸ್ಕೃತ ಮಾದರಿಗಳು ನಿಮ್ಮವೇ, ಕೆಲಸವನ್ನು ನಿಮ್ಮ ಪೋರ್ಟ್‌ಫೋಲಿಯೋದಲ್ಲಿ ತೋರಿಸಬಹುದು ಎಂಬುದನ್ನೂ ಅದರಲ್ಲೇ ಸೇರಿಸಿ.

ಕ್ಯಾನ್ವಾ, ಎಐ ಬಳಸಿ ಮಾಡಿಕೊಡಬಹುದೇ?

ಆಲೋಚನೆಗೆ, ಮಾದರಿ ಹಾಳೆಗೆ ಅಡ್ಡಿಯಿಲ್ಲ. ಆದರೆ ಕ್ಯಾನ್ವಾದ ಸಿದ್ಧ ಚಿತ್ರಗಳನ್ನು ಟ್ರೇಡ್‌ಮಾರ್ಕ್ ಮಾಡಲು ಅವರ ನಿಯಮವೇ ಬಿಡುವುದಿಲ್ಲ. ಅದೇ ಚಿತ್ರ ಪಕ್ಕದ ಊರಿನ ಅಂಗಡಿಯ ಮೇಲೂ ಇರಬಹುದು. ಎಐ ಕೊಡುವ ಚಿತ್ರಗಳಲ್ಲಿ ಕನ್ನಡದ ಒತ್ತಕ್ಷರ ಬಹಳ ಸಲ ತಪ್ಪಿರುತ್ತದೆ. ಸಿಗುವುದೂ ಪಿಕ್ಸೆಲ್ ಚಿತ್ರ, ಬೋರ್ಡಿಗೆ ಹಿಗ್ಗಿಸಲು ಮತ್ತೆ ಬಿಡಿಸಲೇಬೇಕು.

ಆಹಾರದ ಪೊಟ್ಟಣಕ್ಕೂ ಮಾಡಿಕೊಡಿ ಎಂದರೆ?

ಆಗ ಲೋಗೋಗೆ ಸಿಗುವ ಜಾಗ ನೀವು ಎಣಿಸಿದ್ದಕ್ಕಿಂತ ಕಡಿಮೆ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಗುರುತು ಮತ್ತು 14 ಅಂಕಿಯ ಪರವಾನಗಿ ಸಂಖ್ಯೆ, ಪದಾರ್ಥಗಳ ಪಟ್ಟಿ, ಪೌಷ್ಟಿಕಾಂಶ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ತಯಾರಿಕೆಯ ದಿನಾಂಕ, ಗ್ರಾಹಕರ ದೂರಿಗೆ ವಿಳಾಸ ಇವೆಲ್ಲಕ್ಕೆ ಮೊದಲು ಜಾಗ ಗುರುತಿಸಿ. ಸಸ್ಯಾಹಾರಕ್ಕೆ ಹಸಿರು ಚೌಕದೊಳಗೆ ಹಸಿರು ವೃತ್ತ, ಮಾಂಸಾಹಾರಕ್ಕೆ ಕಂದು ಚೌಕದೊಳಗೆ ಕಂದು ತ್ರಿಕೋನ. ಹಳೆಯ ಕಂದು ವೃತ್ತವನ್ನು ಈಗಲೂ ನಕಲು ಮಾಡುವವರಿದ್ದಾರೆ, ಎಚ್ಚರ. ಕಡ್ಡಾಯ ವಿವರಗಳು ಇಂಗ್ಲಿಷ್ ಅಥವಾ ದೇವನಾಗರಿ ಹಿಂದಿಯಲ್ಲಿರಬೇಕು, ಜೊತೆಗೆ ಕನ್ನಡ ಹಾಕಬಹುದು. ಹಾಕಲೇಬೇಕೆಂದು ನಮ್ಮ ಒತ್ತಾಯ, ಕೊಳ್ಳುವವರು ಓದುವುದು ಅದನ್ನೇ. ಪೊಟ್ಟಣದ ಅಂಚಿನಲ್ಲಿ ಸೀಲಿಂಗ್‌ಗೆ ಬಿಡಬೇಕಾದ ಅಳತೆಯನ್ನು ಪೌಚ್ ತಯಾರಕರಿಂದ ಮೊದಲೇ ಕೇಳಿ ಪಡೆಯಿರಿ. ವಿವರಗಳ ಕೊನೆಯ ಪ್ರೂಫ್‌ಗೆ ಮಾಲೀಕರ ಸಹಿ ಇಲ್ಲದೆ ಅಚ್ಚಿಗೆ ಬಿಡಬೇಡಿ.

ಜಿಎಸ್‌ಟಿ ಬೇಕೇ? ಬಾಕಿ ಹಣ ಬಾರದಿದ್ದರೆ?

ಕರ್ನಾಟಕದಲ್ಲಿ ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ, ವಿನ್ಯಾಸದ ಕೆಲಸಕ್ಕೆ ದರ ಶೇ 18. ನೋಂದಣಿ ಇಲ್ಲದಿದ್ದರೆ ಬಿಲ್ಲಿನಲ್ಲಿ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ.

ಬಾಕಿಯ ಮಾತಿಗೆ ಬಂದರೆ, ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿಯನ್ನು ಕೆಲಸ ಶುರು ಮಾಡುವ ಮುಂಚೆಯೇ ಮಾಡಿಸಿಕೊಳ್ಳಿ. ಅದು ಉಚಿತ, ಆನ್‌ಲೈನ್‌ನಲ್ಲೇ ಆಗುತ್ತದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ದೂರನ್ನು ಎಂಎಸ್‌ಎಂಇ ಸಚಿವಾಲಯದ ಆನ್‌ಲೈನ್ ಪೋರ್ಟಲ್‌ನಲ್ಲಿ ಕೊಡಬಹುದು. ಬಿಲ್ಲಿನಲ್ಲಿ ಉದ್ಯಮ್ ಸಂಖ್ಯೆಯನ್ನೂ ಪಾವತಿಯ ಕೊನೆಯ ದಿನಾಂಕವನ್ನೂ ಅಚ್ಚು ಹಾಕಿ. ಮಾದರಿ ಒಪ್ಪಿದ ವಾಟ್ಸಾಪ್ ಸಂದೇಶ, ಫೈಲ್ ಕಳಿಸಿದ ಇಮೇಲ್ ಎರಡನ್ನೂ ಅಳಿಸದೆ ಇಟ್ಟುಕೊಳ್ಳಿ, ದೂರಿನ ಜೊತೆ ಲಗತ್ತಿಸಬೇಕಾಗುವುದು ಅವೇ.

ಇನ್ನೂ ಗಿರಾಕಿಗಳಿಲ್ಲ. ಪೋರ್ಟ್‌ಫೋಲಿಯೋದಲ್ಲಿ ಏನು ತೋರಿಸಲಿ?

ದೊಡ್ಡ ಕಂಪನಿಗಳ ಲೋಗೋ ಬದಲಿಸಿ ತೋರಿಸಿದರೆ ಬೇಕರಿ ಮಾಲೀಕರಿಗೆ ಏನೂ ತಿಳಿಯದು. ಕಲ್ಪಿತ ಹೆಸರಿನ ನಾಲ್ಕು ಅಂಗಡಿ ತೆಗೆದುಕೊಳ್ಳಿ, ಒಂದಕ್ಕಾದರೂ ಕಷ್ಟದ ಒತ್ತಕ್ಷರವಿರಲಿ. ಪ್ರತಿಯೊಂದಕ್ಕೂ ಬೋರ್ಡು, ಥರ್ಮಲ್ ಬಿಲ್, ಕವರ್, ಡಿಪಿ ನಾಲ್ಕನ್ನೂ ಮಾಡಿ, ಬಿಲ್ಲನ್ನು ನಿಜವಾಗಿಯೂ ಅಚ್ಚು ಹಾಕಿಸಿ ಫೋಟೋ ತೆಗೆಯಿರಿ. ಆಮೇಲೆ ಊರಿನ ಪ್ರೆಸ್, ಬೋರ್ಡ್ ಬರೆಯುವವರು, ಪೌಚ್ ಮಾರುವವರನ್ನು ಕಂಡು ಮಾತಾಡಿ. ಹೊಸ ಅಂಗಡಿ ತೆರೆಯುವವರು ಡಿಸೈನರ್‌ಗಿಂತ ಮೊದಲು ಹೋಗುವುದು ಅವರ ಬಳಿಗೇ. ನಿಮ್ಮ ಫೈಲ್ ಅವರ ಯಂತ್ರದಲ್ಲಿ ತೊಂದರೆಯಿಲ್ಲದೆ ಓಡಿದರೆ ಮುಂದಿನ ಗಿರಾಕಿಗೆ ಅವರೇ ನಿಮ್ಮ ನಂಬರ್ ಕೊಡುತ್ತಾರೆ.